ಬೇಸಿಗೆ ಸಂಜೆಯ ಬಯಲು ಬೈಠಕ್: ಅಕ್ಕೋರ ಉತ್ತರ

ಮೇ ತಿಂಗಳ ಶನಿವಾರಗಳಂದು ನಮ್ಮ ಓಣಿಯ ಹನುಮಪ್ಪನ ಗುಡಿಯ ಬಯಲಿನಲ್ಲಿ ನಡೆಯುವ ಪುಕ್ಕಟೆ ಸಂಗೀತದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಕಾಗದ ಬರುತ್ತವೆಂದು ಎಣಿಸಿರಲಿಲ್ಲ. ಶಾಲೆಯಲ್ಲಿ 31 ವರ್ಷ ಸಂಗೀತ ಕಲಿಸಿ ನಿವೃತ್ತಳಾದವಳು ನಾನು. ವಿಜಯಪುರದ ಬಿಸಿಲಿನಲ್ಲಿ ಬಯಲು ಬೈಠಕ್ ಮಾಡುವ ಕಷ್ಟ ಸುಖ ಎರಡನ್ನೂ ಉಂಡಿದ್ದೇನೆ. ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇವಕ್ಕೇ ಉತ್ತರ ಬರೆಯುತ್ತೇನೆ.

ಅಕ್ಕೋರ, ನಮ್ಮ ಬಡಾವಣೆಯಾಗ ಅರವತ್ತು ಮನಿ ಅದಾವ. ಸೂಟಿ ಬಿತ್ತಂದ್ರ ಹುಡುಗ್ರು ಮೊಬೈಲ್ ಹಿಡಕೊಂಡು ಮೂಲ್ಯಾಗ ಕುಂತಬಿಡ್ತಾವ. ನಿಮ್ಮಂಗ ನಾವೂ ವಾರಕ್ಕೊಂದು ಸಂಗೀತ ಇಡಬೇಕಂತೀವಿ. ಯಾರನ್ನ ಕರಸಬೇಕು, ಎಲ್ಲಿಂದ ಸುರು ಮಾಡಬೇಕ್ರಿ?
– ಒಬ್ಬ ಓದುಗರು, ಜಮಖಂಡಿ

ಯಾರನ್ನು ಕರೆಸಬೇಕು ಅನ್ನುವುದನ್ನು ಆಮೇಲೆ ನೋಡೋಣ, ಮೊದಲು ಜಾಗ ನೋಡಿರಿ. ಸಂಜೆ ಏಳಕ್ಕೆ ಹೋಗಿ ಆ ನೆಲದ ಮೇಲೆ ಅರ್ಧ ತಾಸು ಸುಮ್ಮನೆ ಕೂತು ಬರ್ರಿ. ಮೊದಲ ವರ್ಷ ನಾವು ಗುಡಿಯ ಮುಂದಿನ ಫರಸಿಯ ಮೇಲೆ ಜಮಖಾನೆ ಹಾಸಿದ್ದೆವು. ನೋಡಲು ಚೊಕ್ಕಟವಾಗಿತ್ತು. ಆದರೆ ಹಗಲೆಲ್ಲ ಬಿಸಿಲು ಕುಡಿದ ಕಲ್ಲು ರಾತ್ರಿ ಎಂಟಾದರೂ ಕಾವು ಬಿಡುತ್ತಲೇ ಇತ್ತು. ವಯಸ್ಸಾದವರು ಒಬ್ಬೊಬ್ಬರೇ ಎದ್ದು ಹೋದರು. ಸಂಗೀತ ಸೇರಲಿಲ್ಲವೇನೋ ಎಂದು ನಾನು ಮನಸ್ಸಿಗೆ ಹಚ್ಚಿಕೊಂಡೆ. ಮರುದಿನ ಒಬ್ಬ ಆಯಿ, "ಹಾಡು ಚಲೋ ಇತ್ತವ್ವಾ, ಕುಂಡಿ ಸುಡತಿತ್ತು" ಅಂದಳು. ಆ ಮುಂದಿನ ವಾರವೇ ಬೇವಿನ ಗಿಡದ ಪಕ್ಕದ ಮಣ್ಣಿನ ಬಯಲಿಗೆ ಬಂದೆವು. ನಾಲ್ಕು ಗಂಟೆಗೆ ಹತ್ತು ಕೊಡ ನೀರು ಚಿಮುಕಿಸುತ್ತೇವೆ. ಏಳರ ಹೊತ್ತಿಗೆ ನೆಲ ತಂಪಾಗಿ, ಮಣ್ಣಿನ ವಾಸನೆ ಎದ್ದಿರುತ್ತದೆ.

ಹಾಡುವವರ ಕಟ್ಟೆಯನ್ನು ಗಾಳಿ ಅವರ ಬೆನ್ನ ಕಡೆಯಿಂದ ಬರುವಂತೆ ಹಾಕಿರಿ. ಎದುರು ಗಾಳಿ ಇದ್ದರೆ ಮೈಕಿನಲ್ಲಿ ಬುಸ್ ಬುಸ್ ಎಂದು ಸದ್ದಾಗುತ್ತದೆ, ಹಾಡಿದ್ದು ಹಿಂದಕ್ಕೇ ಹೋಗುತ್ತದೆ.

ಇನ್ನು ಮಳೆ. ಏಪ್ರಿಲ್ ನಡುವಿನಿಂದ ಅಶ್ವಿನಿ, ಆಮೇಲೆ ಭರಣಿ, ಕೃತ್ತಿಕಾ. ಭರಣಿ ಮಳೆ ಬಂದರೆ ಧರಣಿ ಬೆಳೆದೀತು ಅನ್ನುತ್ತಾರೆ. ಬರಲಿ, ರೈತನಿಗೆ ಒಳ್ಳೆಯದು. ಆದರೆ ಈ ಮಳೆಗಳು ಸಂಜೆಯ ಹೊತ್ತಿಗೇ ಗುಡುಗು ಸಿಡಿಲು ಕಟ್ಟಿಕೊಂಡು ಬರುತ್ತವೆ. ಮೈಕ್ ಸೆಟ್ಟಿಗೆ ಒಂದು ತಾಡಪತ್ರಿ ಮಡಚಿ ಇಟ್ಟಿರಿ. ಗುಡುಗು ಕಿವಿಗೆ ಬಿದ್ದ ಕೂಡಲೇ, ಚೀಜು (ಹಾಡುತ್ತಿರುವ ಕೃತಿ) ಅರ್ಧಕ್ಕಿದ್ದರೂ ಸರಿ, ನಿಲ್ಲಿಸಿ ಜನರನ್ನು ಒಳಗೆ ಕಳಿಸಿರಿ. ಗಿಡದ ಕೆಳಗೆ ಒಬ್ಬರನ್ನೂ ನಿಲ್ಲಗೊಡಬೇಡಿರಿ. ಈ ಒಂದು ಮಾತಿನಲ್ಲಿ ನಾನು ಯಾರ ಮರ್ಜಿಯನ್ನೂ ಕಾಯುವುದಿಲ್ಲ.

ಈಗ ಕಲಾವಿದರು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹುಡುಗ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರಾದರು. ನಿಮ್ಮ ಜಿಲ್ಲೆಯ ಬೀಳಗಿಯಿಂದ ಹೋದ ಅಮೀರಬಾಯಿ ಮುಂಬಯಿ ಸಿನಿಮಾದಲ್ಲಿ ಹಾಡಿ ಅಮೀರಬಾಯಿ ಕರ್ನಾಟಕಿ ಎಂದು ಹೆಸರಾದರು. ಇಂಥ ಸಣ್ಣ ಊರುಗಳಲ್ಲೇ ಕಂಠ ಹುಟ್ಟುವುದು. ಹಾಗಾಗಿ ಮೊದಲ ವರ್ಷ ಬಸ್ಸಿನಲ್ಲಿ ಒಂದು ತಾಸಿನೊಳಗೆ ಬಂದು ಮುಟ್ಟುವವರನ್ನೇ ಹುಡುಕಿರಿ. ನಾವು ನಾಲ್ಕು ಶನಿವಾರಗಳನ್ನು ಹೀಗೆ ಹಂಚಿಕೊಂಡಿದ್ದೇವೆ: ಒಂದು ಹಿಂದೂಸ್ತಾನಿ ಖ್ಯಾಲ್ ಮತ್ತು ವಚನ ಗಾಯನಕ್ಕೆ, ಒಂದು ಏಕತಾರಿ, ದಮ್ಮಡಿ ಹಿಡಿದು ತತ್ವಪದ ಹಾಡುವ ಭಜನೆಯವರಿಗೆ, ಒಂದು ಗೀಗೀ ಪದಕ್ಕೆ, ಕೊನೆಯದು ಓಣಿಯ ಮಕ್ಕಳಿಗೆ. ನಿಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ಇನ್ನೂ ಜೀವಂತ ಇದೆ. ಕೌಜಲಗಿಯ ನಿಂಗಮ್ಮ ಮೆರೆಸಿದ ಆಟ ಅದು. ನಸುಕಿನ ತನಕ ನಡೆಯುವ ಆಟದಿಂದ ಎರಡು ತಾಸಿನ ಪದಗಳನ್ನಷ್ಟೇ ಆರಿಸಿ ಹಾಡಿ ಎಂದು ಕೇಳಿದರೆ ಮೇಳದವರು ಒಪ್ಪುತ್ತಾರೆ. ಕೇಳಿ ನೋಡಿರಿ.

ನಮ್ಮ ಓಣಿಯ ಸಂಗೀತಕ್ಕೆ ಹಿಂದಿನ ಮನೆಯವರು ತಕರಾರು ತೆಗೆದಿದ್ದಾರೆ. ಅವರ ತಂದೆ ಹಾಸಿಗೆ ಹಿಡಿದಿದ್ದಾರೆ. ಜಾತ್ರೆಯಲ್ಲಿ ಇಡೀ ರಾತ್ರಿ ಡಿಜೆ ಹಚ್ಚಿದರೆ ಸುಮ್ಮನಿರುವವರು ನಮ್ಮ ಶಾಸ್ತ್ರೀಯ ಸಂಗೀತಕ್ಕೆ ಏಕೆ ಅಡ್ಡ ಬರಬೇಕು?
– ಸಂಗೀತಾಸಕ್ತರು, ವಿಜಯಪುರ

ಅವರು ಅಡ್ಡ ಬರಲಿಲ್ಲ, ತ್ರಾಸು ಹೇಳಿಕೊಂಡಿದ್ದಾರೆ. ನನಗೂ ಇದೇ ಆಗಿತ್ತು. ಮೂರನೆಯ ವರ್ಷ ಗುಡಿಯ ಹಿಂದಿನ ಮನೆಯವರು ಬಂದು, "ಅಕ್ಕೋರ, ನಮ್ಮವ್ವಗ ನಿದ್ದಿ ಹತ್ತವಲ್ತು" ಅಂದರು. ಯಮನ್ ರಾಗ ಕೇಳಿದರೆ ನಿದ್ದೆ ಬರದೇ ಇರುತ್ತದೆಯೇ ಎಂದು ನನಗೂ ಒಳಗೇ ಸಿಟ್ಟು ಬಂತು. ಮುಂದಿನ ಶನಿವಾರ ಹಾಡು ಶುರುವಾದ ಮೇಲೆ ನಾನೇ ಎದ್ದು ಹೋಗಿ ಆ ಮುದುಕಿಯ ಹೊರಸಿನ ಪಕ್ಕ ಕೂತೆ. ಗೋಡೆಯಾಚೆ ನನ್ನ ಗೆಳತಿ ಹಾಡುತ್ತಿದ್ದಳು. ಒಂದು ಸ್ವರ ಕೇಳಿಸಲಿಲ್ಲ, ಒಂದು ಶಬ್ದ ತಿಳಿಯಲಿಲ್ಲ. ಕೇಳಿದ್ದು ತಬಲಾದ ಜೋಡಿ ಡಗ್ಗಾದ ಗುಂ ಗುಂ ಮಾತ್ರ. ಗೋಡೆ ಸಣ್ಣ ಸ್ವರಗಳನ್ನು ತಡೆಯುತ್ತದೆ, ದಪ್ಪ ನಾದವನ್ನು ಒಳಗೆ ಬಿಡುತ್ತದೆ. ಗೂಡಿನಲ್ಲಿಟ್ಟ ಔಷಧದ ಬಾಟಲಿಯ ಮುಚ್ಚಳ ತಾಳದ ಪ್ರತಿ ಸಮಕ್ಕೂ (ಮೊದಲ ಪೆಟ್ಟಿಗೂ) ಕಿಣಿಕಿಣಿ ಅನ್ನುತ್ತಿತ್ತು. ನಾವು ಆ ತಾಯಿಗೆ ಕಳಿಸುತ್ತಿದ್ದದ್ದು ಯಮನ್ ಅಲ್ಲ, ಆ ಗುದ್ದು.

ಹಾಗಾಗಿ ಮೈಕಿನವನಿಗೆ ಮೂರು ಕೆಲಸ ಹೇಳಿದೆ. ಬೇಸ್ ಇಳಿಸು. ಎರಡು ದೊಡ್ಡ ಬಾಕ್ಸಿನ ಬದಲು ನಾಲ್ಕು ಸಣ್ಣವನ್ನು ಜನರ ನಡುವೆಯೇ ಇಟ್ಟು ದನಿ ತಗ್ಗಿಸು; ದೂರ ಎರಡು ಪಟ್ಟಾದರೆ ಬಯಲಿನಲ್ಲಿ ದನಿ 6 ಡೆಸಿಬೆಲ್ ಇಳಿಯುತ್ತದೆ, ಹಿಂದಿನವರಿಗೆ ಮುಟ್ಟಿಸಲು ಮುಂದಿನವರ ಕಿವಿ ಒಡೆಯುವುದು ಬೇಡ. ಮೂರನೆಯದು ಬಹಳ ಜನಕ್ಕೆ ತಿಳಿದಿರುವುದಿಲ್ಲ. ಸಂಜೆ ಐದೂವರೆಗೆ ದನಿ ಪರೀಕ್ಷೆ ಮಾಡುತ್ತಾರೆ. ಆಗ ನೆಲದ ಹತ್ತಿರದ ಗಾಳಿ ಕಾದಿರುತ್ತದೆ, ದನಿ ಮೇಲಕ್ಕೆ ಬಾಗಿ ಹೋಗುತ್ತದೆ. ಕೇಳಿಸವಲ್ತು ಎಂದು ಏರಿಸುತ್ತಾರೆ. ಹೊತ್ತು ಮುಳುಗಿ ನೆಲ ಆರಿದ ಮೇಲೆ ಅದೇ ದನಿ ಕೆಳಕ್ಕೆ ಬಾಗಿ ನಾಲ್ಕು ಓಣಿ ದಾಟುತ್ತದೆ. ಆದ್ದರಿಂದ ಎಂಟು ಗಂಟೆಗೆ ಒಮ್ಮೆ ಸುತ್ತು ಹಾಕಿ ಬಂದು ತಗ್ಗಿಸಬೇಕು. ನಮ್ಮಲ್ಲಿ ಆ ಸುತ್ತು ಹಾಕುವ ಕೆಲಸ ಇಬ್ಬರು ಕಾಲೇಜು ಹುಡುಗರದು.

ಕಾಯ್ದೆಯ ಮಾತೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಹಚ್ಚುವಂತಿಲ್ಲ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಡಿಜೆಯವರು ಇದನ್ನು ಮುರಿಯುತ್ತಾರೆಂದು ನಾವೂ ಮುರಿದರೆ ನಮಗೂ ಅವರಿಗೂ ಏನು ಭೇದ? ನೀವು ಮೊದಲು ಹೋಗಿ ಆ ಹಿರಿಯರ ಪಕ್ಕ ಕೂತು ಕೇಳಿ ಬರ್ರಿ.

ಮೊದಲೆಲ್ಲ ಬಯಲು ಬೈಠಕ್ ಅಂದರೆ ಬೆಳಗಿನ ಭೈರವಿಯ ತನಕ. ಈಗ ಒಂಬತ್ತೂವರೆಗೆ ಮುಗಿಸುತ್ತೀರಿ. ಮಾಲಕಂಸ, ದರಬಾರಿಯಂಥ ನಡುರಾತ್ರಿಯ ರಾಗ ಕೇಳುವುದು ಯಾವಾಗ?
– 78 ವರ್ಷದ ಒಬ್ಬ ರಸಿಕರು, ಅಥಣಿ

ನಿಮ್ಮ ಪ್ರಶ್ನೆ ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ನನ್ನ ಅಜ್ಜ ಸುಗ್ಗಿಯಲ್ಲಿ ಕಣದ ಮೇಲೆ ರಾತ್ರಿಯೆಲ್ಲ ಹಂತಿ ಪದ ಹಾಡುತ್ತಿದ್ದ. ಎತ್ತುಗಳು ಮೇಟಿಯ ಸುತ್ತ ತಿರುಗುತ್ತಿದ್ದವು, ನಾವು ಮಕ್ಕಳು ಕಣಕಿಯ ಮೇಲೆ ಬಿದ್ದುಕೊಂಡು ಕೇಳುತ್ತಿದ್ದೆವು. ನಾನು ಕೇಳಿದ ಮೊದಲ ಪುಕ್ಕಟೆ ಬಯಲು ಸಂಗೀತ ಅದೇ. ಆಗ ಸುತ್ತ ಹೊಲ ಇತ್ತು, ಈಗ ಮನೆಗಳಿವೆ. ಹತ್ತರ ಮೇಲೆ ಹಾಡಬೇಕೆಂದರೆ ನಾಲ್ಕು ಗೋಡೆಯ ಸಭಾಂಗಣಕ್ಕೇ ಹೋಗಬೇಕು. ಅದಕ್ಕೆ ಬಾಡಿಗೆ ಬೇಕು.

ಆದರೆ ನಸುಕಿನ ಕಡೆ ಬಾಗಿಲು ತೆರೆದಿದೆ. ಹೋದ ವರ್ಷದಿಂದ ಒಂದು ಭಾನುವಾರ ಬೆಳಿಗ್ಗೆ 6ಕ್ಕೆ ಬೈಠಕ್ ಇಡುತ್ತಿದ್ದೇವೆ. ಬೇಸಿಗೆಯಲ್ಲಿ ನಮ್ಮ ಊರು ತಂಪಾಗಿರುವುದು ಆ ಎರಡು ತಾಸು ಮಾತ್ರ. ಭೈರವ್, ತೋಡಿಯಂಥ ಬೆಳಗಿನ ರಾಗ ಕೇಳಿ ಬಿಸಿಲೇರುವ ಮೊದಲು ಎಲ್ಲರೂ ಮನೆ ಸೇರಬಹುದು. ಮಾಲಕಂಸ ಕೊಡಲಾರೆ. ತೋಡಿಗೆ ಬರ್ರಿ.

ತಬಲಾ ಕಲಿಯುತ್ತಿದ್ದೇನೆ. ಮನೆಯಲ್ಲಿ ಸರಿಯಾಗಿ ಸ್ವರ ಕೂಡಿಸಿದ ತಬಲಾ ಬಯಲಿನಲ್ಲಿ ಅರ್ಧ ತಾಸಿಗೆ ಸ್ವರ ಬಿಡುತ್ತದೆ. ನನ್ನ ಕೈಯ ತಪ್ಪೇ?
– ವಿದ್ಯಾರ್ಥಿ, ಇಂಡಿ

ಕೈಯ ತಪ್ಪಲ್ಲ ತಮ್ಮಾ, ಹವೆಯ ಗುಣ. ಒಣ ಬಿಸಿಗೆ ಚರ್ಮ ಬಿಗಿದು ಸ್ವರ ಏರುತ್ತದೆ. ಹೊತ್ತು ಮುಳುಗಿ ಗಾಳಿಯಲ್ಲಿ ಪಸೆ ಬಂದರೆ ಸಡಿಲಾಗಿ ಇಳಿಯುತ್ತದೆ. ತಂಬೂರಿಯ ತಂತಿ ಇದಕ್ಕೆ ತಿರುವುಮುರುವು: ಕಾವಿಗೆ ಉದ್ದವಾಗಿ ಇಳಿಯುತ್ತದೆ, ತಂಪಿಗೆ ಬಿಗಿದು ಏರುತ್ತದೆ. ಅಂದರೆ ಸಂಜೆ ಆರುತ್ತಿದ್ದಂತೆ ನಿನ್ನ ತಬಲಾ ಕೆಳಗೆ, ಅವರ ತಂಬೂರಿ ಮೇಲೆ. ನಡುವೆ ಹಾಡುವವರು ಸಿಕ್ಕಿಕೊಳ್ಳುತ್ತಾರೆ. ವಾದ್ಯಗಳನ್ನು ಕಾರಿನಲ್ಲಿ, ಬಿಸಿಲಿನಲ್ಲಿ ಬಿಡಬೇಡ. ಒಂದು ತಾಸು ಮೊದಲೇ ತಂದು ಕಟ್ಟೆಯ ನೆರಳಿನಲ್ಲಿ ಗವಸಿನೊಳಗೇ ಇಡು, ಅಲ್ಲಿನ ಹವೆ ಹಿಡಿಯಲಿ. ಆಮೇಲೆ ಕೂಡಿಸು. ಸುತ್ತಿಗೆ ಕೈಯಳತೆಯಲ್ಲಿರಲಿ. ಎರಡು ಚೀಜುಗಳ ನಡುವೆ ಗಜರಾ (ಚರ್ಮದ ಅಂಚಿನ ಹೆಣಿಗೆ) ತಟ್ಟಿ ಸರಿ ಮಾಡಿಕೊಳ್ಳಲು ಸಂಕೋಚ ಬೇಡ. ಜನ ಕಾಯುತ್ತಾರೆ.

ಸಿನಿಮಾ ಹಾಡು ಹಾಡಿದರೆ ಹಕ್ಕಿನ ಹಣ ಕಟ್ಟಬೇಕೇ? (ಮುಧೋಳ) ಬಾರಾಕಮಾನಿನ ಅಂಗಳದಲ್ಲಿ ಬೈಠಕ್ ಇಡಬಹುದೇ? (ವಿಜಯಪುರ)

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹವ್ಯಾಸಿ ಸಂಘಗಳಿಗೆ ವಿನಾಯಿತಿ ಇದೆ. ಹಣ ಕೊಡದ ಪ್ರೇಕ್ಷಕರ ಮುಂದೆ ನಿಮ್ಮ ಓಣಿಯವರೇ ಹಾಡಿದರೆ ತೊಂದರೆ ಇಲ್ಲ. ಹಣ ಕೊಟ್ಟು ಆರ್ಕೆಸ್ಟ್ರಾ ಕರೆಸಿದರೆ ಅದು ಹವ್ಯಾಸಿ ಆಗುವುದಿಲ್ಲ.

ಬಾರಾಕಮಾನ್ ಸಂರಕ್ಷಿತ ಸ್ಮಾರಕ, ಲಿಖಿತ ಅನುಮತಿ ಇಲ್ಲದೆ ಆಗದು. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಊರು ನಮ್ಮದು, ಆ ಕಮಾನುಗಳ ಕೆಳಗೆ ಹಾಡಬೇಕೆಂಬ ಆಸೆ ನನಗೂ ಇದೆ. ಆದರೂ ಓಣಿಯ ಬಯಲನ್ನು ಬಿಡಬೇಡಿರಿ. ಅಲ್ಲಿಗೆ ಮುದುಕರು ನಡೆದು ಬರುತ್ತಾರೆ.

ಕಾರ್ಯಕ್ರಮ ಪುಕ್ಕಟೆ ಇದ್ದ ಮೇಲೆ ಕಲಾವಿದರೂ ಸೇವೆ ಅಂತ ಹಾಡಲಿ ಎಂದು ನಮ್ಮ ಕಮಿಟಿಯವರು ಹೇಳುತ್ತಾರೆ. ನಿಮ್ಮ ಅಭಿಪ್ರಾಯ?
– ಕಮಿಟಿಯ ಸದಸ್ಯೆ, ಬೆಳಗಾವಿ

ಒಪ್ಪುವುದಿಲ್ಲ. ಪುಕ್ಕಟೆ ಇರುವುದು ಕೇಳುವವರಿಗೆ. ಶಾಮಿಯಾನದವನಿಗೆ ಬಾಡಿಗೆ ಕೊಡುತ್ತೀರಿ, ಜನರೇಟರಿಗೆ ಡೀಸೆಲ್ ಹಾಕುತ್ತೀರಿ, ಹಾಡುವವರಿಗೆ ಮಾತ್ರ ಶಾಲು, ಹಣ್ಣಿನ ಬುಟ್ಟಿ. ವರ್ಷಗಳ ಹಿಂದೆ ಒಂದು ಊರಿನಲ್ಲಿ ನನಗೆ ಹೀಗಾಗಿತ್ತು. ಹಾಡಿ ಮುಗಿಸಿದ ಮೇಲೆ ನನಗೂ ಪೇಟಿ (ಹಾರ್ಮೋನಿಯಂ) ಸಾಥಿಯವರಿಗೂ ಶಾಲು ಹೊದಿಸಿ ಕೈ ಮುಗಿದರು. ರಾತ್ರಿಯ ಬಸ್ಸಿಗೆ ಆ ಪೇಟಿಯವರ ಹತ್ತಿರ ಟಿಕೆಟ್ಟಿನ ಹಣ ಇರಲಿಲ್ಲ. ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಹೊಸ ಶಾಲನ್ನು ಅದಕ್ಕೆ ಸುತ್ತಿ, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಿದ್ದರು. ಕೇಳಲಿಕ್ಕೂ ನಾಚಿಕೆ ಅವರಿಗೆ.

ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಇಟ್ಟಿದ್ದೇನೆ. ಮನೆಗೆ 200 ರೂಪಾಯಿ ಪಟ್ಟಿ ಎತ್ತುತ್ತೇವೆ, ಕೊಡಲಾಗದವರು ಒಂದು ಕೊಡ ಮಜ್ಜಿಗೆಯೋ ಚುರುಮುರಿಯೋ ತರುತ್ತಾರೆ. ಅದರಲ್ಲಿ ಮೊದಲು ತೆಗೆದಿಡುವುದು ಕಲಾವಿದರ ಪಾಕೀಟು. ಹಾಡುವವರಿಗೆ ಬೇರೆ, ಪೇಟಿಗೆ ಬೇರೆ, ತಬಲಾಕ್ಕೆ ಬೇರೆ, ಹೋಗಿಬರುವ ಖರ್ಚು ಬೇರೆ. ಕೊಡುವುದು ಹಾಡಿನ ಮೊದಲು, ಚಹಾದ ಜೊತೆ. ಉಳಿದದ್ದರಲ್ಲಿ ಶಾಮಿಯಾನ. ಸಾಲದಿದ್ದರೆ ಶಾಮಿಯಾನ ಬೇಡ, ಬೇಸಿಗೆಯ ಆಕಾಶ ಇದೆ. ನಿಮ್ಮ ಕಮಿಟಿಯಲ್ಲಿ ಗಟ್ಟಿಯಾಗಿ ಹೇಳ್ರಿ ತಂಗಿ, ಬೇಕಾದರೆ ಈ ಪುಟವನ್ನೇ ಓದಿ ತೋರಿಸ್ರಿ.

ಅಕ್ಕೋರ, ನಾ ಒಂಬತ್ತನೇತ್ತಾ ಅದೀನ್ರಿ. ಭೂಪ ಕಲ್ತೀನಿ. ನಿಮ್ಮ ಓಣ್ಯಾಗ ಬಂದು ಹಾಡಬಹುದೇನ್ರಿ?
– ಒಬ್ಬ ಹುಡುಗಿ, ಬಸವನ ಬಾಗೇವಾಡಿ

ಬಾ ಮಗಳೇ. ಭೂಪ ಏಳು ಗಂಟೆಗೆ ಹೊಂದುವ ರಾಗ. ಕೊನೆಯ ಶನಿವಾರ ಮೊದಲ ಹದಿನೈದು ನಿಮಿಷ ನಿನಗೆ. ದಿನಾ ಸಂಜೆ ಮಾಳಿಗೆ ಹತ್ತಿ ಬಯಲಿಗೆ ಮುಖ ಮಾಡಿ ಹಾಡು. ಮನೆಯೊಳಗೆ ಗೋಡೆ ನಿನ್ನ ದನಿ ತಿರುಗಿ ಕೊಡುತ್ತದೆ, ಬಯಲು ಕೊಡುವುದಿಲ್ಲ. ಆ ರೂಢಿ ಮೊದಲೇ ಆಗಬೇಕು. ಕೇಳಿಸಲಿಲ್ಲವೆಂದು ಕೂಗಬೇಡ, ಮೈಕ್ ಇರುತ್ತದೆ. ಅವ್ವನನ್ನೂ ಕರೆದುಕೊಂಡು ಬಾ, ರಾತ್ರಿ ನಮ್ಮ ಮನೆಯಲ್ಲೇ ಊಟ, ವಸತಿ. ನಿನ್ನ ಸ್ವರ ಪೇಟಿಯ ಕಪ್ಪು ಮನೆ ನಾಲ್ಕೋ ಐದೋ ನಿನ್ನ ಗುರುಗಳನ್ನು ಕೇಳಿ ಬರೆದು ಕಳಿಸು, ಪೇಟಿಯವರಿಗೆ ಹೇಳಿಟ್ಟಿರುತ್ತೇನೆ.