ಸಾವಯವ ಬೇಡ ಅನ್ನೋ ಅಪ್ಪನನ್ನ ಒಪ್ಪಿಸೋದು ಹೇಗೆ?

ಟೊಮೇಟೊ ಬೆಳೆಯೋ ಅಪ್ಪ ಸಾವಯವ ಅಂದ್ರೆ ಮುಖ ತಿರುಗಿಸ್ತಾರೆ, ಹಳೆ ಕಾಲದವರಿಗೆ ಹೇಗೆ ತಿಳಿಸಿ ಹೇಳಲಿ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನನ್ನ ಬಾಯಲ್ಲೂ ಇದೇ ಮಾತಿತ್ತು. ನಮ್ಮದು ಮುಳಬಾಗಿಲು ಕಡೆ, ಎರಡು ಎಕರೆ, ಬೋರ್‌ವೆಲ್ ನೀರು.

ಆ ಮುಂಗಾರಿಗೆ ಸೀಮೆಗೊಬ್ಬರ ಮುಟ್ಟಲ್ಲ ಅಂತ ಹಠ ಹಿಡಿದೆ. ಮನೆಯಲ್ಲಿದ್ದದ್ದು ಎರಡೇ ಹಸು, ತಿಪ್ಪೆ ಸಾಲಲಿಲ್ಲ. ಮೇ ತಿಂಗಳಲ್ಲಿ ಎಂಟು ಟ್ರ್ಯಾಕ್ಟರ್ ಲೋಡ್ ಕೊಟ್ಟಿಗೆ ಗೊಬ್ಬರ ಹೊರಗಿಂದ ತರಿಸಿದೆ. ಅಪ್ಪ ಒಂದು ಹಿಡಿ ಎತ್ತಿ ಮೂಸಿ ನೋಡಿದರು. "ಇನ್ನೂ ಕಳಿತಿಲ್ಲ ಕಣಪ್ಪ, ಒಳಗೆ ಬಿಸಿ ಇದೆ. ಗುಂಡಿಗೆ ಹಾಕು, ಮುಂದಿನ ಬೆಳೆಗಾಗಲಿ" ಅಂದರು. ಸಗಣಿ ತಾನೇ, ವಿಷ ಅಲ್ವಲ್ಲ, ಮಣ್ಣಲ್ಲೇ ಕಳಿಯುತ್ತೆ ಅಂದುಕೊಂಡು ಹರಡಿಸಿ ಉಳುಮೆ ಮಾಡಿಸಿಬಿಟ್ಟೆ.

ನಾನು ಕೆಟ್ಟಿದ್ದು ಅಲ್ಲೇ. ಮೊದಲ ಮಳೆ ಬಿದ್ದ ಮೇಲೆ ಸಂಜೆ ಹೊತ್ತು ಕಂದು ದುಂಬಿಗಳು ಮಣ್ಣಿಂದ ಎದ್ದು ಬೇವಿನ ಮರಕ್ಕೆ ಮುತ್ತುತ್ತವೆ. ಎಲೆ ತಿಂದು ಮತ್ತೆ ಮಣ್ಣಿಗಿಳಿದು ಮೊಟ್ಟೆ ಇಡುತ್ತವೆ. ಕಳಿಯದ ಗೊಬ್ಬರ ಇರೋ ಜಾಗ ಅವಕ್ಕೆ ಬಲು ಇಷ್ಟ. ಗೊಬ್ಬರದ ಜೊತೆಗೇ ಮರಿಗಳು ಹೊಲಕ್ಕೆ ಬರೋದೂ ಉಂಟು. ಸಸಿ ಚೆನ್ನಾಗಿ ಹತ್ತಿತ್ತು, ಹೂವೂ ಬಂದಿತ್ತು. ಆಮೇಲೆ ಬೆಳಗ್ಗೆ ನೀರು ಬಿಟ್ಟರೂ ಮಧ್ಯಾಹ್ನಕ್ಕೆ ಗಿಡ ಬಾಡತೊಡಗಿತು. ಸೊರಗು ರೋಗ ಅಂದುಕೊಂಡು ಹತ್ತು ದಿನ ಸುಮ್ನೆ ಕಳೆದೆ. ಕೊನೆಗೆ ಒಂದು ಗಿಡ ಎಳೆದು ನೋಡಿದರೆ ಹಾಗೇ ಕೈಗೆ ಬಂತು. ಬೇರು ಒಂದೂ ಇರಲಿಲ್ಲ. ಕೆಳಗಿನ ಮಣ್ಣಲ್ಲಿ ಕಿರುಬೆರಳ ಗಾತ್ರದ ಬಿಳಿ ಗೊಣ್ಣೆ ಹುಳು, ಬೇರು ತಿನ್ನೋ ಆ ದುಂಬಿಯ ಮರಿ, ಕಂದು ತಲೆ, ಕೊಕ್ಕೆ ಥರ ಮುದುರಿಕೊಂಡು ಮಲಗಿತ್ತು. ಅರ್ಧ ತೋಟ ಹಾಗೇ ಹೋಯಿತು. ಆ ಸಾಲ ತೀರೋಕೆ ಮೂರು ಬೆಳೆ ಬೇಕಾಯಿತು.

ಅದಕ್ಕೇ ಹೇಳ್ತೀನಿ, ಅಪ್ಪನನ್ನ ಒಪ್ಪಿಸೋ ಯೋಚನೆ ಬಿಡಿ. ಅವರಿಗೆ ಗೊತ್ತಿಲ್ಲದ್ದೇನೂ ಅಲ್ಲ ಇದು. ಕೆರೆ ಗೋಡು ಹೊಡೆದು, ಹೊಂಗೆ ಸೊಪ್ಪು ಹಾಕಿ ಬೆಳೆದ ಜನ ಅವರು. ಅವರ ಲೆಕ್ಕ ಬೇರೆ. ಮಂಡಿಯಲ್ಲಿ 15 ಕೆಜಿ ಬಾಕ್ಸ್ ಹರಾಜು ಕೂಗುವಾಗ ಔಷಧಿ ಹೊಡೆದಿದ್ದೀರಾ ಇಲ್ಲವಾ ಅಂತ ಯಾರು ಕೇಳ್ತಾರೆ? ಸಾವಯವ ಪ್ರಮಾಣಪತ್ರ ಬೇಕು ಅಂದ್ರೆ ತರಕಾರಿ ಹೊಲಕ್ಕೆ 2 ವರ್ಷ ಪರಿವರ್ತನೆ ಅವಧಿ ಇದೆ, ಅಂದ್ರೆ ಅಷ್ಟು ದಿನ ಸಾವಯವವಾಗೇ ಬೆಳೀತಾ ಕಾಯಬೇಕು. ಖರ್ಚು, ಕೂಲಿ ಆವತ್ತಿಂದಲೇ ಶುರು, ಸಾವಯವದ ಬೆಲೆ ಮಾತ್ರ ಆಮೇಲೆ. ಅಪ್ಪ ಹೆದರೋದು ಸರಿಯೇ ಇದೆ.

ಹತ್ತು ಗುಂಟೆಯಲ್ಲಿ ಶುರು ಮಾಡಿ, ಜಾಸ್ತಿ ಬೇಡ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೇಟೊ ತಳಿ ಹಾಕಿ, ಎಲೆ ಮುರುಟು ನಂಜು ರೋಗವನ್ನೂ ಸೊರಗು ರೋಗವನ್ನೂ ತಡೆಯುತ್ತೆ. ಗೊಬ್ಬರ ಆರು ತಿಂಗಳು ಗುಂಡಿಯಲ್ಲಿರಲಿ, ನಡುನಡುವೆ ತಿರುವಿ ಹಾಕಿ, ಕೊನೆಗೆ ಮೆಟಾರೈಜಿಯಂ ಪುಡಿ, ಅಂದ್ರೆ ಗೊಣ್ಣೆ ಹುಳು ಕೊಲ್ಲೋ ಶಿಲೀಂಧ್ರದ ಪುಡಿ, ಬೆರೆಸಿ. ಹಿಡಿದರೆ ಟೀ ಪುಡಿ ಥರ ಉದುರಬೇಕು, ಸಗಣಿ ವಾಸನೆ ಇರಬಾರದು. ಹೊಲಕ್ಕೆ ಹಾಕೋ ಮುಂಚೆ ನಿಮ್ಮಪ್ಪನ ಕೈಗೊಂದು ಹಿಡಿ ಕೊಡಿ. ನಾನೀಗ ಹಾಗೇ ಮಾಡ್ತೀನಿ. ಹೋದ ತಿಂಗಳು ಅಪ್ಪ ಮೂಸಿ ನೋಡಿ "ಇನ್ನೊಂದು ಸಲ ತಿರುವಿ ಹಾಕು" ಅಂದರು. ಹಾಕಿದೆ.