ಮುಚ್ಚಿದ ಮಾಡ್ಯೂಲ್‌ಗಳಿಗೆ ಲಿನಕ್ಸ್ ಕರ್ನೆಲ್ ಬರೆಯುವವರು ಬೆಂಬಲ ಕೊಡಬೇಕೇ?

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ ಅಪ್‌ಡೇಟ್ ಆದಾಗಲೆಲ್ಲ ನಿಮ್ಮ ಲ್ಯಾಪ್‌ಟಾಪಿನ ಎನ್‌ವಿಡಿಯಾ ಡ್ರೈವರ್ (ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶ) ಕೈಕೊಡುತ್ತದೆ, ಆದ್ದರಿಂದ ಸೋರ್ಸ್ ಕೋಡ್ ಕೊಡದ ಕಂಪನಿಗಳ ಮಾಡ್ಯೂಲ್‌ಗಳನ್ನೂ (ಡ್ರೈವರಿನಂತೆ ಕರ್ನೆಲ್‌ಗೆ ಸೇರಿಸುವ ಕೋಡಿನ ತುಂಡುಗಳನ್ನೂ) ಲಿನಕ್ಸ್ ಕರ್ನೆಲ್ ಬರೆಯುವವರು ನೋಡಿಕೊಳ್ಳಬಾರದೇಕೆ ಎಂದು ಕೇಳಿದ್ದೀರಿ. ನೋಡಿಕೊಳ್ಳಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಹಲವು ವರ್ಷ ಡ್ರೈವರ್‌ಗಳ ಜೊತೆಗೇ ಕೆಲಸ ಮಾಡಿದವನಾಗಿ ಇದನ್ನು ಹೇಳುತ್ತಿದ್ದೇನೆ.

ಮಾಡ್ಯೂಲ್ ಎಂಬುದು ಬ್ರೌಸರಿನಂತೆ ತನ್ನ ಪಾಡಿಗೆ ತಾನು ಓಡುವ ಪ್ರೋಗ್ರಾಮ್ ಅಲ್ಲ. ಅದು ಕರ್ನೆಲ್ ಇರುವ ಮೆಮೊರಿಯಲ್ಲೇ, ಕರ್ನೆಲ್‌ಗೆ ಇರುವಷ್ಟೇ ಅಧಿಕಾರದಿಂದ ನಡೆಯುತ್ತದೆ. ಅದು ತಪ್ಪು ಜಾಗದಲ್ಲಿ ಒಂದು ಬೈಟ್ ಬರೆದರೂ ಅದರ ಪೆಟ್ಟು ಎಷ್ಟೋ ಹೊತ್ತಿನ ಮೇಲೆ, ಸಂಬಂಧವೇ ಇಲ್ಲದ ಫೈಲ್‌ಸಿಸ್ಟಮ್ ಮೇಲೆ ಬೀಳಬಹುದು. ಒಮ್ಮೆ ನಾವು ನೋಡಿಕೊಳ್ಳುತ್ತಿದ್ದ ಸರ್ವರೊಂದು ಎರಡು ಮೂರು ದಿನಕ್ಕೊಮ್ಮೆ ಕುಸಿಯುತ್ತಿತ್ತು. ಪ್ರತಿ ಸಲದ ಊಪ್ಸ್ ವರದಿಯಲ್ಲೂ (ಒಳಗೆ ತಪ್ಪಾದಾಗ ಕರ್ನೆಲ್ ತಾನೇ ಬರೆಯುವ ವರದಿ) 'ಟೇಂಟೆಡ್: ಪಿ' ಎಂಬ ಸಾಲು ಇರುತ್ತಿತ್ತು, ಅಂದರೆ ಸ್ವಾಮ್ಯದ (ಪ್ರೊಪ್ರೈಟರಿ) ಮಾಡ್ಯೂಲ್ ಒಂದು ಲೋಡ್ ಆಗಿದೆ ಎಂದರ್ಥ. ಕಾಲ್ ಟ್ರೇಸನ್ನು (ಕುಸಿಯುವಾಗ ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಪಟ್ಟಿಯನ್ನು) ಸಾಲು ಸಾಲಾಗಿ ಓದುತ್ತಾ ಹೋದರೆ ನಡುವೆ ಆ ಮಾಡ್ಯೂಲಿನ ಹೆಸರು, ಅದರ ಪಕ್ಕ ಒಂದು ಸಂಖ್ಯೆ, ಅದರ ಕೋಡ್ ಕಾಣದ್ದರಿಂದ ಅಲ್ಲಿಗೆ ದಾರಿ ಮುಗಿಯುತ್ತಿತ್ತು. ತಯಾರಕರು ಮುಂದಿನ ಆವೃತ್ತಿಗೆ ಕಾಯಿರಿ ಎಂದರು. ತಪ್ಪು ಅವರದೋ ಕರ್ನೆಲ್‌ದೋ ಎಂದು ಇಂದಿಗೂ ನಾನು ಪ್ರಮಾಣ ಮಾಡಿ ಹೇಳಲಾರೆ. ಹೇಳಲಾಗದಿರುವುದೇ ನನ್ನ ತಕರಾರು. ಆ 'ಪಿ' ಗುರುತು ಮಾಡ್ಯೂಲನ್ನು ಕಿತ್ತು ಹಾಕಿದರೂ ಯಂತ್ರವನ್ನು ರೀಬೂಟ್ ಮಾಡುವವರೆಗೆ ಅಳಿಯುವುದಿಲ್ಲ, ಏಕೆಂದರೆ ಆಗಬೇಕಾದ ಹಾನಿ ಅಷ್ಟರಲ್ಲಿ ಆಗಿ ಹೋಗಿರಬಹುದು. ಅಂಥ ವರದಿಯನ್ನು ಕರ್ನೆಲ್ ಡೆವಲಪರ್‌ಗಳು ಸಾಮಾನ್ಯವಾಗಿ ಕೈಗೆತ್ತಿಕೊಳ್ಳದಿರುವುದು ಅಹಂಕಾರವಲ್ಲ.

ಇನ್ನು ಅಪ್‌ಡೇಟ್ ಆದಾಗ ಡ್ರೈವರ್ ಮುರಿಯುವ ಮಾತು. ಕರ್ನೆಲ್‌ನ ಒಳಗಿನ ಫಂಕ್ಷನ್‌ಗಳು ಹೀಗೇ ಇರುತ್ತವೆ ಎಂದು ಯಾರೂ ಮಾತು ಕೊಟ್ಟಿಲ್ಲ. ಒಂದು ಫಂಕ್ಷನ್ನಿನ ರೂಪ ಬದಲಿಸುವವನು ಅದನ್ನು ಬಳಸುವ, ಕರ್ನೆಲ್ ಮರದೊಳಗಿನ (ಕರ್ನೆಲ್‌ನ ಸೋರ್ಸ್ ಕೋಡಿನ ಜೊತೆಗೇ ಇರುವ) ಎಲ್ಲ ಡ್ರೈವರ್‌ಗಳನ್ನೂ ತಾನೇ ತಿದ್ದಿಕೊಡುವುದು ಅಲ್ಲಿನ ರೂಢಿ. ಇದಕ್ಕಿಂತ ದೊಡ್ಡ ಬೆಂಬಲ ಯಾವ ಕಂಪನಿಗೆ ಬೇಕು? ಕೋಡನ್ನು ಒಳಗೆ ತಂದವರಿಗೆಲ್ಲ ಅದು ಪುಕ್ಕಟೆಯಾಗಿ ಸಿಗುತ್ತದೆ. 2008ರಲ್ಲಿ ನೂರಕ್ಕೂ ಹೆಚ್ಚು ಕರ್ನೆಲ್ ಡೆವಲಪರ್‌ಗಳು ಸಹಿ ಹಾಕಿದ ಹೇಳಿಕೆ, ಮುಚ್ಚಿದ ಮಾಡ್ಯೂಲ್‌ಗಳು ಬಳಕೆದಾರರಿಗೂ ಉದ್ಯಮಕ್ಕೂ ಹಾನಿಕರ ಎಂದು ಸ್ಪಷ್ಟವಾಗಿಯೇ ಹೇಳಿತು.

ಒಂದು ಕಡೆ ಮಾತ್ರ ನನಗೆ ಕಸಿವಿಸಿಯಿದೆ. ಝಡ್‌ಎಫ್‌ಎಸ್ ಫೈಲ್‌ಸಿಸ್ಟಮ್ಮಿನ ಕೋಡ್ ಎಲ್ಲರ ಕಣ್ಣೆದುರಿಗೇ ಇದೆ; ಅದರ ಲೈಸೆನ್ಸ್ ಮಾತ್ರ ಕರ್ನೆಲ್‌ನ ಲೈಸೆನ್ಸ್ ಆದ ಜಿಪಿಎಲ್ ಆವೃತ್ತಿ 2ರ ಜೊತೆ ಹೊಂದುವುದಿಲ್ಲ. 2019ರ 5.0 ಕರ್ನೆಲ್‌ನಲ್ಲಿ ಅದು ನೆಚ್ಚಿಕೊಂಡಿದ್ದ ಒಂದು ಫಂಕ್ಷನ್ ಹೋಯಿತು, ಅದರ ಬದಲು ಉಳಿದ ಫಂಕ್ಷನ್ ಜಿಪಿಎಲ್ ಮಾಡ್ಯೂಲ್‌ಗಳಿಗಷ್ಟೇ ಮೀಸಲಾಗಿತ್ತು. ಓದಲು ಸಿಗುವ ಕೋಡನ್ನೂ ಮುಚ್ಚಿಟ್ಟ ಕೋಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿಕಾಣುವುದಿಲ್ಲ.

ನಿಮ್ಮ ಲ್ಯಾಪ್‌ಟಾಪಿನ ವಿಷಯಕ್ಕೆ ಬಂದರೆ, ಎನ್‌ವಿಡಿಯಾ 2022ರ ಮೇ ತಿಂಗಳಲ್ಲಿ ತನ್ನ ಕರ್ನೆಲ್ ಮಾಡ್ಯೂಲ್‌ಗಳ ಸೋರ್ಸ್ ಕೋಡ್ ಬಿಡುಗಡೆ ಮಾಡಿತು. ಬಹಳಷ್ಟು ಕೆಲಸ ಕಾರ್ಡಿನೊಳಗೇ ಓಡುವ ತಂತ್ರಾಂಶವಾದ ಫರ್ಮ್‌ವೇರ್‌ಗೆ ಸರಿದಿದೆ, ಡ್ರೈವರಿನಲ್ಲಿ ಕರ್ನೆಲ್‌ನ ಹೊರಗೆ, ಬಳಕೆದಾರರ ಕಡೆ ಓಡುವ ಭಾಗ ಇನ್ನೂ ಮುಚ್ಚಿಯೇ ಇದೆ. ಆದರೂ ನಿಮ್ಮದು ಟ್ಯೂರಿಂಗ್ ಅಥವಾ ಅದರ ನಂತರದ ಪೀಳಿಗೆಯ ಕಾರ್ಡ್ ಆಗಿದ್ದರೆ ಆ ತೆರೆದ ಮಾಡ್ಯೂಲ್‌ಗಳನ್ನೇ ಹಾಕಿಕೊಳ್ಳಿ. ಅವು ಕೂಡ ಕರ್ನೆಲ್ ಮರದ ಹೊರಗೇ ಇರುವುದರಿಂದ ಅಪ್‌ಡೇಟ್ ಆದಾಗ ಮುರಿಯಬಹುದು, ಆದರೆ ಎಲ್ಲಿ ಮುರಿಯಿತೆಂದು ಯಾರು ಬೇಕಾದರೂ ತೆರೆದು ನೋಡಬಹುದು.