ಗೊಬ್ಬರದ ಗುಂಡಿಯಲ್ಲಿ ಕಪ್ಪೆಯ ನೆಂಟ

ಪ್ರಶ್ನೆ: ಮಳೆ ಹಿಡಿದ ಮೇಲೆ ತೋಟದ ಗೊಬ್ಬರದ ಗುಂಡಿ ಕೆದಕುವಾಗ ಒಂದಡಿ ಉದ್ದದ, ನೇರಳೆ ಕಂದು ಬಣ್ಣದ ಜೀವಿ ಸಿಕ್ಕಿತು. ಪಕ್ಕೆಯುದ್ದಕ್ಕೂ ಹಳದಿ ಪಟ್ಟೆ. ಕೆಲಸದವರು ವಿಷದ ಹಾವು ಅಂತ ಹೊಡೆಯಲು ಹೋದರು, ತಡೆದೆ. ಏನದು? ಕಚ್ಚುತ್ತಾ?
– ಒಬ್ಬ ಓದುಗರು, ಸಕಲೇಶಪುರ

ಉತ್ತರ: ತಡೆದಿದ್ದು ಬಹಳ ಒಳ್ಳೆಯದಾಯಿತು. ಅದು ಹಾವೂ ಅಲ್ಲ, ಎರೆಹುಳುವೂ ಅಲ್ಲ. ಕಪ್ಪೆಯ ಹಾಗೆ ಅದೂ ಉಭಯವಾಸಿ, ಕಾಲು ಮಾತ್ರ ಇಲ್ಲ. ಹೆಸರು ಸಿಸಿಲಿಯನ್. ನೀವು ಹೇಳಿದ ಹಳದಿ ಪಟ್ಟೆ ನೋಡಿದರೆ ಇಕ್ತಿಯೋಫಿಸ್ ಕುಲದ್ದೇ ಇರಬೇಕು. ಇದೇ ಕುಲದ ಒಂದು ಜಾತಿಗೆ 2007ರಲ್ಲಿ ನಮ್ಮ ಪಕ್ಕದ ಕೊಡಗಿನ ಹೆಸರನ್ನೇ ಇಟ್ಟರು, ಇಕ್ತಿಯೋಫಿಸ್ ಕೊಡಗುಎನ್ಸಿಸ್ ಅಂತ.

ಮತ್ತೆ ಸಿಕ್ಕರೆ ಹತ್ತಿರದಿಂದ ನೋಡಿ. ಹಾವಿನ ಹಾಗೆ ಒಣ ಹುರುಪೆ ಕಾಣುವುದಿಲ್ಲ, ಲೋಳೆಲೋಳೆಯಾದ ಒದ್ದೆ ಚರ್ಮ, ಅದರ ಮೇಲೆ ಒತ್ತೊತ್ತಾಗಿ ಉಂಗುರದ ಗೆರೆಗಳು. ಎರೆಹುಳುವಿಗೆ ಬಾಯಲ್ಲಿ ಹಲ್ಲಿಲ್ಲ, ಬೆನ್ನುಮೂಳೆ ಇಲ್ಲ, ಇದಕ್ಕೆ ಎರಡೂ ಇವೆ. ಕಣ್ಣು ಚರ್ಮದ ಕೆಳಗೆ ಸಣ್ಣ ಚುಕ್ಕೆಯಷ್ಟೇ. ಕಣ್ಣಿಗೂ ಮೂಗಿಗೂ ನಡುವೆ ಸಣ್ಣ ಮೀಸೆಯಂಥದ್ದು ಒಂದಿದೆ, ಅದನ್ನು ಹೊರಗೆ ಚಾಚಿ ಕತ್ತಲ ಮಣ್ಣಿನಲ್ಲಿ ವಾಸನೆ ಹಿಡಿದು ಎರೆಹುಳು, ಗೆದ್ದಲು ಹುಡುಕುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಇದರ ತಾಯಿ. ಇಕ್ತಿಯೋಫಿಸ್ ಹೆಣ್ಣು ನೀರಿನ ಹತ್ತಿರ ಒದ್ದೆ ಮಣ್ಣಿನೊಳಗೆ ಮೊಟ್ಟೆ ಇಟ್ಟು, ಅದರ ಸುತ್ತ ತಾನೇ ಸುರುಳಿ ಸುತ್ತಿಕೊಂಡು ಮರಿ ಆಗುವವರೆಗೂ ಕಾಯುತ್ತದೆ. ಮರಿಗಳು ನೀರಿಗೆ ಇಳಿದು, ಅಲ್ಲೇ ಬೆಳೆದು, ಆಮೇಲೆ ಮಣ್ಣು ಸೇರುತ್ತವೆ. ಅಂದರೆ ಇವಕ್ಕೆ ಹಸಿ ಮಣ್ಣು ಬೇಕು, ಪಕ್ಕದಲ್ಲಿ ಹಳ್ಳವೂ ಬೇಕು. ತೋಟದ ಅಂಚಿನ ತೊರೆಗೆ ಕಸ, ಔಷಧಿ ನೀರು ಬಿಟ್ಟರೆ ಮೊದಲು ಸಾಯುವುದು ಈ ಮರಿಗಳೇ ಅಲ್ವಾ?

ಇನ್ನು ಕಚ್ಚುವ ಭಯ. ಮನುಷ್ಯರ ಮೇಲೆ ಅದು ಬರುವುದಿಲ್ಲ, ಜಾರಿಕೊಂಡು ಮಣ್ಣೊಳಗೆ ಹೋಗುವುದೊಂದೇ ಅದಕ್ಕೆ ಗೊತ್ತು. ಆದರೆ ಚರ್ಮದಲ್ಲಿ ವಿಷದ ಗ್ರಂಥಿಗಳಿವೆ, ಹಾಗಾಗಿ ಸುಮ್ನೆ ಕೈಯಲ್ಲಿ ಹಿಡಿಯಬೇಡಿ, ಮುಟ್ಟಿದರೆ ಕೈ ತೊಳೆದುಕೊಳ್ಳಿ. ಹಸಿ ತರಗೆಲೆ ಸಮೇತ ಎತ್ತಿ, ನೆರಳಿರುವ ಕಡೆ ಸಡಿಲ ಮಣ್ಣಿನ ಮೇಲೆ ಬಿಟ್ಟರೆ ಸಾಕು, ತಾನೇ ಕೊರೆದುಕೊಂಡು ಇಳಿಯುತ್ತದೆ. ಬಿಸಿಲಲ್ಲಿ ಬಿಡಬೇಡಿ. ಇಂಬಳಕ್ಕೆ ಅಂತ ಜೇಬಿನಲ್ಲಿರುವ ಉಪ್ಪನ್ನಂತೂ ಇದರ ಮೇಲೆ ಹಾಕಲೇಬೇಡಿ. ಇದು ಆ ಒದ್ದೆ ಚರ್ಮದಿಂದಲೂ ಉಸಿರಾಡುವ ಜೀವಿ.